ತಪ್ಪಿಗೊಂದು ಶೇಂಗಾ ಉಂಡಿ

ಗಂಡ ಮಾಡಿದ ತಪ್ಪಿಗೆ ಹೆಂಡತಿ ಶೇಂಗಾ ಹುರಿಯಬೇಕು ಎಂಬ ಕಾಯಿದೆ ಯಾವ ಧರ್ಮಶಾಸ್ತ್ರದಲ್ಲಿಯೂ ಇರಲಿಕ್ಕಿಲ್ಲ. ಆದರೆ ಮುದ್ದೇಬಿಹಾಳದ ಒಂದು ಬಾಡಿಗೆ ಮನೆಯಲ್ಲಿ ಈ ಸೆಮಿಸ್ಟರಿನ ನಡುವಿನಿಂದ ಅದು ಕಟ್ಟುನಿಟ್ಟಾಗಿ ಜಾರಿಯಲ್ಲಿತ್ತು.

"ಮತ್ತ ಖಾಲಿ?" ಸುವರ್ಣಾ ಸ್ಟೀಲ್ ಡಬ್ಬಿಯನ್ನು ಬೋರಲು ಹಾಕಿ ತೋರಿಸಿದಳು. ಅದರಿಂದ ಒಂದು ಶೇಂಗಾ ಸಿಪ್ಪೆಯೂ ಉದುರಲಿಲ್ಲ. "ಮುಂಜಾನಿ ತುಂಬಿ ಕೊಟ್ಟಿದ್ದೆ ನಾ. ಏನ್ರೀ ಇದು? ಪಾಠಾ ಮಾಡ್ತೀರೋ, ತಪ್ಪಿನ ಅಂಗಡಿ ಇಟ್ಟೀರೋ?"

"ಇವತ್ತ ಹುಡುಗೂರು ಭಾಳ ಚುರುಕಿದ್ರು," ಎಂದ ಮಾಳಿಂಗ ಬೂಟು ಬಿಚ್ಚುತ್ತ.

"ಮಾಸ್ತರು ಮಂದ ಇದ್ರು ಅನ್ರಿ. ಮಂದಿ ಮನ್ಯಾಗ ಗಂಡ ತಪ್ಪ್ ಮಾಡಿದ್ರ ಹೆಂಡ್ತಿಗೆ ಸೀರಿ ಬರ್ತೈತಿ. ನಮ್ಮನ್ಯಾಗ ಹೆಂಡ್ತಿ ಕೈಗೆ ಬೊಬ್ಬಿ ಬರ್ತೈತಿ."

ಸುವರ್ಣಾ ಖಾಸಗಿ ಹೈಸ್ಕೂಲೊಂದರ ಗಣಿತದ ಟೀಚರು. ಕೆಂಪು ಪೆನ್ನಿಲ್ಲದೆ ಅವಳು ಕಿರಾಣಿ ಚೀಟಿಯನ್ನೂ ಓದುವವಳಲ್ಲ. ಮಾಳಿಂಗ ಮೋರಟಗಿಯವನು, ಅರ್ಥಶಾಸ್ತ್ರದ ಎಂ.ಎ., ಊರ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. (ವರ್ಷಗಟ್ಟಲೆ ದಿನಾಲೂ ಬಂದರೂ ಇನ್ನೂ ಅತಿಥಿ ಎಂದೇ ಕರೆಯುವ ಮನೆ ಅದೊಂದೇ.) ಇದಲ್ಲದೆ ಅವನು ವಿದ್ಯಾರ್ಥಿಯೂ ಹೌದು. ಕಿವಿಯ ಮೇಲಿನ ಕೂದಲು ಬೆಳ್ಳಗಾದರೂ ವಿದ್ಯಾರ್ಥಿಯಾಗಿಯೇ ಉಳಿಸುವ ಪಿಎಚ್.ಡಿ. ಎಂಬ ಸಂಜೀವಿನಿಯನ್ನು ಅವನು ಬಹಳ ದಿನದಿಂದ ಸೇವಿಸುತ್ತಿದ್ದ. ಅವನ ಪ್ರಬಂಧದ ಹೆಸರು: 'ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ಪದವಿ ಕಾಲೇಜುಗಳಲ್ಲಿ ಬೋಧನೆ ಮತ್ತು ಕಲಿಕೆ: ಒಂದು ವಿಶ್ಲೇಷಣಾತ್ಮಕ ಅಧ್ಯಯನ'.

"ಇದನ್ನ ಓದಿ ಮುಗಸೂದ್ರಾಗ ಬಸ್ಸು ನಾಕೂ ತಾಲೂಕ ದಾಟಿರತೈತಿ," ಎಂದು ಇದರ ಬಗ್ಗೆ ಮೊದಲು ನಕ್ಕವನು ಸರ್ಫರಾಜ. ಆಮೇಲೆ ಸುವರ್ಣಾ ಅದೇ ಮಾತನ್ನು ತನ್ನದೆಂಬಂತೆ ಬಳಸತೊಡಗಿದಳು.

ಸರ್ಫರಾಜನ ಬಗ್ಗೆ ಹೇಳದೆ ಶೇಂಗಾದ ಕಥೆ ಮುಂದೆ ಹೋಗುವುದಿಲ್ಲ. ಅವನೂ ಅದೇ ಕಾಲೇಜಿನಲ್ಲಿ ಅದೇ ವಿಷಯದ ಅತಿಥಿ. ಮಾಳಿಂಗನಿಗೆ ಎಂ.ಎ. ದಿನಗಳಿಂದ ಗೆಳೆಯ, ಎರಡು ಓಣಿ ಆಚೆ ತಾಯಿ ದಾವಲಬಿಯ ಜೊತೆ ಇದ್ದವನು. ಮಾಳಿಂಗನ ಬೋಧನಾ ಪದ್ಧತಿಗೆ ಮೂರು ಮೆಟ್ಟಿಲುಗಳಿದ್ದವು. ಮೊದಲನೆಯದು ನೋಟ್ಸ್ ಬರೆಸುವುದು, ಎರಡನೆಯದು ಬರೆಸಿದ್ದನ್ನು ಮತ್ತೊಮ್ಮೆ ಓದುವುದು, ಮೂರನೆಯದು "ಇನ್ನೂ ತಿಳೀದಿದ್ರ ಸರ್ಫರಾಜ ಸರ್‌ಗೆ ಕೇಳ್ರಿ" ಎಂದು ಡಸ್ಟರ್ ಎತ್ತಿಕೊಂಡು ಹೊರಡುವುದು. ಮೂರನೆಯ ಮೆಟ್ಟಿಲಿನ ಮೇಲೆಯೇ ಅವನ ಕೀರ್ತಿ ನಿಂತಿತ್ತು.

ಮನೆಯಲ್ಲಿಯೂ ಇದೇ ಪದ್ಧತಿ. ಮಿಕ್ಸರ್ ಕೆಟ್ಟಿತೇ? "ಸರ್ಫರಾಜನ್ನ ಕೇಳು." ನಳಕ್ಕೆ ನೀರು ಯಾವಾಗ ಬರುತ್ತದೆ? "ಸರ್ಫರಾಜನ್ನ ಕೇಳು." ಹೆಣ್ಣು ನೋಡಲು ಹೋದ ದಿನ ಸುವರ್ಣಾ, "ನಿಮಗ ಊಟದಾಗ ಏನ್ ಸೇರ್ತೈತ್ರಿ?" ಎಂದು ಕೇಳಿದಾಗ ಮಾಳಿಂಗ ಪಕ್ಕದಲ್ಲಿ ಕೂತಿದ್ದ ಸರ್ಫರಾಜನ ಮುಖ ನೋಡಿದನಂತೆ. "ಆವತ್ತ ನಾ ಎದ್ದು ಹೋಗಬೇಕಾಗಿತ್ತು," ಎಂದು ಸುವರ್ಣಾ ಈಗಲೂ ಅನ್ನುತ್ತಾಳೆ. "ಉತ್ತರಾ ಆ ಅಣ್ಣನ ಕೊಟ್ಟ. ಅದೂ ಬರೋಬ್ಬರಿ ಇತ್ತು."

ಆ ಸರ್ಫರಾಜ ಗಣೇಶ ಚೌತಿಯ ಹಿಂದಿನ ವಾರ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಚಹಾ ಹೇಳಿ, ಎದೆ ನೋಯುತ್ತಿದೆ ಎಂದು ಗೋಡೆಗೆ ಒರಗಿದ. ಚಹಾ ಬರುವಷ್ಟರಲ್ಲಿ ಅವನಿರಲಿಲ್ಲ. ಅದರ ಬಗ್ಗೆ ಹೇಳುವಂಥದ್ದು ಇನ್ನೇನೂ ಇಲ್ಲ.

ಮಣ್ಣು ಕೊಟ್ಟು ಬಂದ ಮರುದಿನ ಮಾಳಿಂಗ ಕಾಲೇಜಿಗೆ ಹೋದ. ತಂದೆ ತೀರಿದರೆ ರಜೆ ಇದೆ, ಅತ್ತೆ ಮಾವ ತೀರಿದರೂ ಹೇಗೋ ಹೊಂದಿಸಬಹುದು. ಗೆಳೆಯ ತೀರಿದರೆ ಯಾವ ನಿಯಮದಲ್ಲಿಯೂ ರಜೆಯಿಲ್ಲ. ಅದರ ಬದಲು ಅವನ ಕಾರ್ಯಭಾರ ಸಿಗುತ್ತದೆ.

"ಬಿ.ಎ. ಎರಡನೇ ವರ್ಷದ ಕ್ಲಾಸು ಇನ್ನ ನೀವ ತಗೋರಿ," ಎಂದರು ಪ್ರಿನ್ಸಿಪಾಲರು, ಟೈಮ್‌ಟೇಬಲ್ಲಿನಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಬರೆಯುತ್ತ. "ನೀವಿಬ್ರೂ ಒಂದ ಇದ್ರೆಲ್ಲಾ."

ಸ್ಟಾಫ್ ರೂಮಿನಲ್ಲಿ ಕ್ಯಾಂಟೀನಿನ ಚಹಾ ಎರಡು ಕಪ್ಪು ಬಂತು. ಅವರಿಬ್ಬರಿಗೆ ಯಾವಾಗಲೂ ಎರಡು ಕಪ್ಪು. ಬೇಡ ಎಂದು ಹೇಳಲು ಬಾಯಿ ಬರದೆ ಮಾಳಿಂಗ ಎರಡನ್ನೂ ಕುಡಿದ. ಮರುದಿನವೂ ಎರಡು ಬಂದವು. ಹೀಗಾಗಿ ಅವನಿಗೆ ದುಃಖದ ಜೊತೆಗೆ ಪಿತ್ತವೂ ಆಯಿತು.

ಎರಡನೇ ವರ್ಷದ ಕ್ಲಾಸಿಗೆ ಕಾಲಿಟ್ಟ ಮೊದಲ ದಿನ ಬೇಡಿಕೆಯ ನಿಯಮ ಹೇಳಬೇಕಿತ್ತು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ; ನಿದ್ದೆಗಣ್ಣಿನಲ್ಲಿಯೂ ಹೇಳಬಹುದಾದ ಪಾಠ. ಮಾಳಿಂಗ ಬೋರ್ಡಿನ ಮೇಲೆ ರೇಖೆ ಎಳೆದು ತಿರುಗಿದ. ಅರ್ಧ ಕ್ಲಾಸು ಕೈ ಎತ್ತಿತ್ತು. ಅವನ ಸೇವಾವಧಿಯಲ್ಲಿ ಇಷ್ಟು ಕೈಗಳು ಒಟ್ಟಿಗೆ ಎದ್ದದ್ದು ಬೇಗ ಬಿಡ್ರಿ ಎಂದು ಕೇಳಲು ಮಾತ್ರ.

ಮೊದಲ ಬೆಂಚಿನ ಸುರೇಖಾ (ಮುಳವಾಡದ ಹುಡುಗಿ, ಹಾಸ್ಟೆಲಿನಲ್ಲಿರುವವಳು) ತಡೆಯಲಾರದೆ ಎದ್ದೇ ನಿಂತಳು. "ಸಿಕ್ತ್ರಿ ಸರ್!"

"ಏನ್ ಸಿಕ್ತು?"

"ಇವತ್ತಿನ ತಪ್ಪು ರೀ. ಬೇಡಿಕಿ ರೇಖಿ ಮ್ಯಾಲ ಹೊಂಟೈತ್ರಿ. ಅದು ಕೆಳಗ ಇಳೀಬೇಕ್ರಿ."

ಮಾಳಿಂಗ ತಿರುಗಿ ನೋಡಿದ. ರೇಖೆ ಘಾಟು ಹತ್ತುವ ಲಾರಿಯಂತೆ ಏದುಸಿರು ಬಿಡುತ್ತ ಮೇಲೇರುತ್ತಿತ್ತು. ಅವನು ಕೆಮ್ಮಿದ, ಕನ್ನಡಕ ಒರೆಸಿದ. "ಶಾಬಾಸ್," ಎಂದ.

ಸುರೇಖಾ ಕೂಡಲಿಲ್ಲ. ಅಂಗೈ ಮುಂದೆ ಚಾಚಿ ನಿಂತಳು. "ಉಂಡಿ ರೀ ಸರ್."

"ಎಂಥಾ ಉಂಡಿ?"

"ಶೇಂಗಾ ಉಂಡಿ ರೀ. ಸರ್ಫರಾಜ ಸರ್ ದಿನಾ ಪಾಠದಾಗ ಒಂದು ತಪ್ಪು ಬೇಕಂತ್ಲೇ ಇಡ್ತಿದ್ರಲ್ರಿ. ಬೆಲ್ ಆಗೂದ್ರೊಳಗ ಹಿಡಿದವ್ರಿಗೆ ಒಂದು ಉಂಡಿ. ಮೊದಲನೇ ವರ್ಷದಿಂದ ಹಂಗ ಐತ್ರಿ. ನೀವೂ ಅದನ್ನ ನಡಸಾಕತ್ತೀರಂತ..." ಅವಳ ದನಿ ಅಲ್ಲಿ ಸ್ವಲ್ಪ ಸಣ್ಣದಾಯಿತು.

ಮಾಳಿಂಗನಿಗೆ ಸರ್ಫರಾಜನ ಚೀಲದಲ್ಲಿರುತ್ತಿದ್ದ ಡಬ್ಬಿ ನೆನಪಾಯಿತು. ಸರ್ಫರಾಜ ಅವನೊಂದಿಗೆ ಚಹಾ ಹಂಚಿಕೊಳ್ಳುತ್ತಿದ್ದ, ಬೈಕು ಹಂಚಿಕೊಳ್ಳುತ್ತಿದ್ದ, ಸಂದರ್ಶನಕ್ಕೆಂದು ಅಂಗಿಯನ್ನೂ ಕೊಟ್ಟಿದ್ದ. ಆ ಸ್ಟೀಲ್ ಡಬ್ಬಿಯನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. "ಅದು ನಂದಲ್ಲಲೇ, ಕೈ ತಗಿ," ಎನ್ನುತ್ತಿದ್ದ. ಯಾವಳೋ ಒಬ್ಬಳಿಗೆ ಒಯ್ಯುತ್ತಾನೆಂದು ಮಾಳಿಂಗ ಸುವರ್ಣಾಳ ಮುಂದೆ ಪಿಸುಗುಟ್ಟಿ, ಗಂಡಹೆಂಡತಿ ಸೇರಿ ಮೂರು ನಾಲ್ಕು ಹುಡುಗಿಯರ ಮೇಲೆ ಸಂಶಯಪಟ್ಟು, ಮದುವೆಗೆ ಏನು ಉಡುಗೊರೆ ಎಂಬುದನ್ನೂ ಮಾತಾಡಿಕೊಂಡಿದ್ದರು.

"ಹೌದು, ಬೇಕಂತ್ಲೇ ಇಟ್ಟಿದ್ದೆ," ಎಂದ ಮಾಳಿಂಗ. "ಉಂಡಿ ನಾಳೆ ತರ್ತೇನಿ."

ಒಂದು ಸುಳ್ಳು ಹೇಳಿದ ಮೇಲೆ ಗಡಿಬಿಡಿಯಾಯಿತು. ಗಡಿಬಿಡಿಯಲ್ಲಿ ಇನ್ನೊಂದು ತಪ್ಪಾಯಿತು. ಬೆಲ್ ಆಗುವಷ್ಟರಲ್ಲಿ ಮೂರು ಸಿಕ್ಕಿದ್ದವು. ಹೊರಗೆ ಹೋಗುವಾಗ ಕೊನೆಯ ಬೆಂಚಿನ ಅಮಿತ ಹತ್ತಿರ ಬಂದು ಬಹಳ ಗೌರವದಿಂದ ಹೇಳಿದ: "ಸರ್ಫರಾಜ ಸರ್ ದಿನಕ್ಕ ಒಂದ ಇಡ್ತಿದ್ರು. ನೀವು ಮೂರ್ ಇಟ್ಟೀರಿ. ದಿಲ್‌ದಾರ್ ಅದೀರಿ ಬಿಡ್ರಿ ಸರ್."

ಮನೆಗೆ ಬಂದು ಸುವರ್ಣಾಳಿಗೆ ಹೇಳಿದ. ಅವಳು ಮೊದಲು ಗಟ್ಟಿಯಾಗಿ ನಕ್ಕಳು. ಆಮೇಲೆ, "ಆ ಡಬ್ಬಿ ಇದಕ್ಕಾಗಿತ್ತೇನ್ರೀ?" ಎಂದಳು. ಅವನು ಕೇಳದೆಯೇ ಶೇಂಗಾ ತೆಗೆದು ಬಾಣಲೆ ಇಟ್ಟಳು. ಮೊದಲ ಡಬ್ಬಿಯನ್ನು ಅವಳು ಪ್ರೀತಿಯಿಂದಲೇ ಮಾಡಿದ್ದು. ಎರಡನೆಯದನ್ನು ಕರ್ತವ್ಯವೆಂದು ಮಾಡಿದಳು. ಮೂರನೆಯದರಿಂದ ಮುಂದೆ ಬಾಣಲೆಯ ಸಪ್ಪಳ ಓಣಿಗೆಲ್ಲ ಕೇಳತೊಡಗಿತು.

ಏಕೆಂದರೆ ತಪ್ಪುಗಳು ನಿಲ್ಲಲಿಲ್ಲ. ಇಷ್ಟು ವರ್ಷ ಅವನ ತಪ್ಪುಗಳನ್ನು ಹಿಡಿದವರಿರಲಿಲ್ಲ, ಅಷ್ಟೆ. ಅವನು ಹೇಳುತ್ತಿದ್ದ, ಹುಡುಗರು ಬರೆದುಕೊಳ್ಳುತ್ತಿದ್ದರು, ಅದೇ ತಪ್ಪನ್ನು ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ಅವನೇ ಮೌಲ್ಯಮಾಪನ ಮಾಡಿ ಅಂಕ ಕೊಡುತ್ತಿದ್ದ. ಎಲ್ಲಿಯೂ ಸೋರದ ವ್ಯವಸ್ಥೆ. ಈ ಹುಡುಗರು ಹಾಗಲ್ಲ. ಇವರು ಪೆನ್ನು ಕೆಳಗಿಟ್ಟು ಬೇಟೆಗೆ ಕೂತವರಂತೆ ಕೂರುತ್ತಿದ್ದರು. ಒಂದು ದಿನ ಅವನು ಚಹಾ ಮತ್ತು ಸಕ್ಕರೆ ಒಂದಕ್ಕೊಂದು ಬದಲಿ ಸರಕು ಎಂದುಬಿಟ್ಟ.

"ಸರ್, ಚಹಾ ಸಿಗಲಿಲ್ಲಂದ್ರ ಸಕ್ಕರಿ ನೆಕ್ಕೂದೇನ್ರಿ?" ಎಂದ ಅಮಿತ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಮಿತನಿಗೆ ಒಂದು ಉಂಡಿ.

ಸುದ್ದಿ ಹಬ್ಬಿ ಇತಿಹಾಸದ ಹುಡುಗರೂ ಬಂದು ಕೂರತೊಡಗಿದರು. ಗೈರುಹಾಜರಿ ಎಂಬುದೇ ಇಲ್ಲವಾಯಿತು. ತನ್ನ ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಮಾಳಿಂಗ 'ವಿದ್ಯಾರ್ಥಿಗಳ ಹಾಜರಾತಿಯನ್ನು ಉತ್ತಮಪಡಿಸುವ ಕ್ರಮಗಳು' ಎಂದು ಪುಟಗಟ್ಟಲೆ ಬರೆದಿದ್ದ. ಅದರಲ್ಲೆಲ್ಲಿಯೂ ಶೇಂಗಾದ ಪ್ರಸ್ತಾಪವಿರಲಿಲ್ಲ. ಪ್ರಿನ್ಸಿಪಾಲರು ಕಿಟಕಿಯಿಂದ ಇಣುಕಿ, "ಸರ್ಫರಾಜರನ್ನೂ ಮೀರಿಸಿದ್ರಿ ನೀವು," ಎಂದರು.

ಆ ಮಾತು ಅವನಿಗೆ ಮುಳ್ಳಿನಂತೆ ಚುಚ್ಚಿತು. ಕ್ಲಾಸು ನಕ್ಕಾಗಲೆಲ್ಲ ಅವನ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. ಇಂಥದ್ದೇನಾದರೂ ನಡೆದರೆ ಸ್ಟಾಫ್ ರೂಮಿಗೆ ಓಡಿಹೋಗಿ ಹೇಳಬೇಕಾದವನೇ ಇಲ್ಲ. ಈ ಕಥೆಯನ್ನು ಕೇಳಿ ಎಲ್ಲರಿಗಿಂತ ಹೆಚ್ಚು ನಗಬಹುದಾಗಿದ್ದವನು ಸರ್ಫರಾಜ. ನಕ್ಕು, ಬೆನ್ನಿಗೊಂದು ಗುದ್ದಿ, "ಹಿಂಗ ಆಗಬೇಕ ನಿನಗ," ಎನ್ನಬೇಕಿತ್ತು. ಮಾಳಿಂಗ ನಗೆಯನ್ನೆಲ್ಲ ಹೊತ್ತುಕೊಂಡು ಸ್ಟಾಫ್ ರೂಮಿಗೆ ಬರುತ್ತಿದ್ದ, ಅಲ್ಲಿ ಎರಡು ಕಪ್ಪು ಚಹಾ ಇರುತ್ತಿತ್ತು.

ಒಂದು ರವಿವಾರ ಅವನು ದಾವಲಬಿಯ ಮನೆಗೆ ಹೋದ. ಹೋಗದೆ ಬಹಳ ದಿನವಾಗಿತ್ತು. ಹೋದರೆ ಏನು ಮಾತಾಡುವುದೆಂದು ತಿಳಿಯದೆ ಮುಂದಕ್ಕೆ ಹಾಕುತ್ತ ಬಂದಿದ್ದ. ಮುದುಕಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಒಬ್ಬಳಿಗೆ ಬೇಕಾಗುವಷ್ಟೇ ಅಕ್ಕಿ ಮೊರದ ಮೂಲೆಯಲ್ಲಿತ್ತು.

"ಬಾರೋ ಮಾಳಪ್ಪಾ. ದಾರಿ ಮರತೀ ಅನಕೊಂಡಿದ್ದೆ."

"ಇಲ್ಲ ಚಾಚಿ, ಕಾಲೇಜು..." ಎಂದು ಏನೋ ಹೇಳಹೊರಟು ಬಿಟ್ಟ. "ಅವನ ಕ್ಲಾಸಿನ್ಯಾಗ ಈಗ ನನ್ನ ತಪ್ಪಿಗೂ ಉಂಡಿ ಕೊಡಾಕತ್ತೇನಿ. ಆ ಉಂಡಿ ಸಂಗತಿ ನಿಮಗ ಗೊತ್ತಿತ್ತೇನು?"

ದಾವಲಬಿಯ ಮುಖದಲ್ಲಿ ನಗೆಯಂಥದ್ದು ಒಂದು ಬಂತು. "ಗೊತ್ತಿಲ್ದ ಏನು, ಹುರೀತಿದ್ದಾಕಿ ನಾನ ಅಲ್ಲೇನು? ದಿನಾ ಮುಂಜಾನಿ ನನ್ನ ಮುಂದ ಕುಂತು, 'ಅಮ್ಮಾ, ಇವತ್ತ ಎಲ್ಲಿ ತಪ್ಪಲಿ?' ಅಂತಿದ್ದ. ನಾ ಏನ್ ಹೇಳ್ಲಿ? ನನಗ ಅದರಾಗಿಂದು ಒಂದಕ್ಷರ ತಿಳೀತಿದ್ದಿಲ್ಲ. 'ಎಲ್ಲಾರ ತಪ್ಪು, ಬಸ್ಸ್ ಮಾತ್ರ ತಪ್ಪಿಸಬ್ಯಾಡ' ಅಂತಿದ್ದೆ."

"ನನಗ ಒಂದಿನಾ ಹೇಳಲಿಲ್ಲ ನೋಡ್ರಿ."

"'ಅವಗ ಹೇಳಿದ್ರ ಅದನ್ನ ಪುಸ್ತಕದಾಗ ಬರೀತಾನ, ಬರದ ಮ್ಯಾಲ ಅದು ಕೆಡತೈತಿ' ಅಂತಿದ್ದ." ಅಕ್ಕಿಯಿಂದ ಒಂದು ಹರಳು ಆರಿಸಿ ಒಗೆದು ಮುಂದುವರಿಸಿದಳು. "ಮೊದಲನೇ ಸಲದ್ದು ಖರೇ ತಪ್ಪಪ್ಪಾ. ಒಬ್ಬಾಕಿ ಹುಡುಗಿ ಎದ್ದು ನಿಂತು ಹೇಳಿದ್ಲಂತ. ಮಾನಾ ಉಳಿಸ್ಕೊಳ್ಳಾಕ 'ಬೇಕಂತ್ಲೇ ಮಾಡಿದ್ದೆ' ಅಂದು, ಊಟದ ಡಬ್ಬ್ಯಾಗಿನ ಉಂಡಿ ಕೊಟ್ಟು ಬಂದ. ಮನಿಗೆ ಬಂದು ಒಂದ ಸಮ ನಗತಾನ. ಮರುದಿನದಿಂದ ಅದ ಚಾಳಿ."

ಮಾಳಿಂಗನಿಗೆ ಎದೆಯ ಮೇಲಿನ ಒಂದು ಕಲ್ಲು ಪಕ್ಕಕ್ಕೆ ಸರಿದಂತಾಯಿತು. ಸರ್ಫರಾಜನೂ ತನ್ನ ಹಾಗೆಯೇ ಶುರು ಮಾಡಿದ್ದ!

"ನೀ ದಿನಾ ಎಷ್ಟು ತಪ್ಪ್ತಿ?" ಎಂದು ಕೇಳಿದಳು ದಾವಲಬಿ.

"ಮೂರ್ ನಾಕು ಆಗ್ತಾವ್ರಿ."

"ಅಯ್ಯ ನನ್ನಪ್ಪಾ," ಎಂದಳು ಮುದುಕಿ ಮೊರವನ್ನು ಕೆಳಗಿಟ್ಟು. "ಅವ ಒಂದು ತಪ್ಪಾಕ ಮುಂಜಾನಿಯೆಲ್ಲಾ ಓದ್ತಿದ್ದ."

ಕಲ್ಲು ಮತ್ತೆ ಬಂದು ಮೊದಲಿನ ಜಾಗದಲ್ಲಿಯೇ ಕೂತಿತು.

"ನಿಮಗ ಉಂಡಿ ತಂದು ಕೊಡ್ಲೇನ್ರಿ ಚಾಚಿ? ಸುವರ್ಣಾ ಮಾಡ್ತಾಳ."

"ಬ್ಯಾಡಪ್ಪಾ. ಶೇಂಗಾ ಹುರಿಯೂ ವಾಸನಿ ಬಂದ್ರ ಅವ ಬಚ್ಚಲದಾಗಿಂದ ಕೂಗ್ತಾನ ಅನಸ್ತೈತಿ. ಒಲಿ ಮುಂದ ಹೋಗಾಕ ಮನಸಿಲ್ಲ ನನಗ."

ಮನೆಗೆ ಬಂದವನೇ ಮಾಳಿಂಗ ಸುವರ್ಣಾಳ ಎದುರು ಒಂದು ಭೀಷ್ಮಪ್ರತಿಜ್ಞೆ ಮಾಡಿದ. ನಾಳೆಯ ಕ್ಲಾಸಿನಲ್ಲಿ ಒಂದೇ ಒಂದು ತಪ್ಪು. ಅದೂ ಬೇಕೆಂದು ಮಾಡಿದ್ದು, ಸರ್ಫರಾಜ ಮಾಡುತ್ತಿದ್ದ ಹಾಗೆ. ಡಬ್ಬಿಯಲ್ಲಿ ಒಂದೇ ಉಂಡಿ ಕಡಿಮೆಯಾಗಿ ಉಳಿದದ್ದು ಮನೆಗೆ ವಾಪಸು ಬರುತ್ತದೆ.

"ಬರದಿದ್ರ?" ಎಂದಳು ಸುವರ್ಣಾ.

"ಬರದಿದ್ರ ಪರೀಕ್ಷಾ ಮುಗಿಯೂತನಾ ನಾನ ಶೇಂಗಾ ಹುರೀತೇನಿ."

"ಹುರಿಯೂದಷ್ಟ ಅಲ್ಲ. ಸಿಪ್ಪಿ ತಗದು, ಕುಟ್ಟಿ, ಬೆಲ್ಲಾ ಹಾಕಿ, ಕಟ್ಟಿ, ಆಮ್ಯಾಲ ಬಾಣಲಿ ತಿಕ್ಕೂತನಾ."

"ಆತು."

"ಬಾಯಿಲೆ ಅಲ್ಲ, ಕೈ ಹೊಡೀರಿ."

ಕೈ ಹೊಡೆದದ್ದಾಯಿತು. ಇಡೀ ಸಂಜೆ ತಾಲೀಮು ನಡೆಯಿತು. ಸುವರ್ಣಾ ಬೆಳ್ಳುಳ್ಳಿ ಸುಲಿಯುತ್ತ ಕೂತು ವಿದ್ಯಾರ್ಥಿನಿಯಾದಳು. ನಾಲ್ಕು ವಾಕ್ಯಕ್ಕೊಮ್ಮೆ "ತಡೀರಿ" ಎನ್ನುತ್ತಿದ್ದಳು. ಪಾಠ ಬೇಡಿಕೆಯ ಸ್ಥಿತಿಸ್ಥಾಪಕತೆ, ಅಂದರೆ ಬೆಲೆ ಸ್ವಲ್ಪ ಅಲುಗಾಡಿದರೆ ಕೊಳ್ಳುವವರು ಎಷ್ಟು ಅಲುಗಾಡುತ್ತಾರೆ ಎಂಬುದು. ಪಾಠ ಸರಿಪಡಿಸುವುದು ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ತಪ್ಪನ್ನು ಹುಡುಕುವುದು.

"ಬಂಗಾರದ ಬೆಲಿ ಇಳಿದ್ರ ಯಾರೂ ಕೊಳ್ಳೂದಿಲ್ಲ ಅಂತ ಹೇಳ್ಲ್ಯಾ?"

"ಅದನ್ನ ನಿಂತ ನಿಲುವಿನ್ಯಾಗ ಹಿಡೀತಾರ. ಹೆಣ್ಣುಮಕ್ಕಳು ಕುಂತಿರ್ತಾರ ಅಲ್ಲಿ."

"ಸೂತ್ರದಾಗ ಮ್ಯಾಲಿಂದು ಕೆಳಗ ಹಾಕ್ಲ್ಯಾ?"

"ಯಾರೂ ಹಿಡ್ಯಾಂಗಿಲ್ಲ. ಬರಕೊಂಡು ಮನಿಗೆ ಹೋಗಿ ಅದನ್ನ ಬಾಯಿಪಾಠ ಮಾಡ್ತಾರ. ಪಾಪ ಬರ್ತೈತಿ ನಿಮಗ."

ಮಾಳಿಂಗ ಪೆನ್ನು ಕಚ್ಚುತ್ತ ಕೂತ. ಒಳ್ಳೆಯ ತಪ್ಪು ಸಿಗಬೇಕಾದರೆ ಹುಡುಗರು ಎಲ್ಲಿ ಎಡವುತ್ತಾರೆಂದು ಗೊತ್ತಿರಬೇಕು. ಸುರೇಖಾಗೆ ಯಾವುದು ಸುಲಭ, ಅಮಿತ ಎಲ್ಲಿ ತೂಕಡಿಸುತ್ತಾನೆ, ಯಾರು ಅರ್ಥವಾಗದೆಯೂ ತಲೆಯಾಡಿಸುತ್ತಾರೆ ಎಂಬುದು ತಿಳಿದಿರಬೇಕು. ನಾಲ್ಕು ತಾಲೂಕು ಸುತ್ತಿ, ಪ್ರಶ್ನಾವಳಿ ತುಂಬಿಸಿ, ಶೇಕಡಾವಾರು ಲೆಕ್ಕ ಹಾಕಿದವನಿಗೆ ತನ್ನ ಎದುರಿನ ಮುಖಗಳು ಏನನ್ನು ಕಲಿತಿವೆ ಎಂದು ಗೊತ್ತಿರಲಿಲ್ಲ. ಸರ್ಫರಾಜ ದಿನಾ ಮುಂಜಾನೆ ತಾಯಿಯ ಮುಂದೆ ಕೂತು ಯೋಚಿಸುತ್ತಿದ್ದುದು ಆ ಮುಖಗಳ ಬಗ್ಗೆ. ಕೊನೆಗೆ ಉಪ್ಪು ಹೊಳೆಯಿತು. ಉಪ್ಪಿನ ಬೆಲೆ ಅರ್ಧವಾದರೆ ಜನ ಎರಡು ಪಟ್ಟು ಉಪ್ಪು ಕೊಳ್ಳುತ್ತಾರೆ ಎಂದು ಉದಾಹರಣೆಗಳ ನಡುವೆ ಸೇರಿಸುವುದು. ಕೇಳಲು ಸರಿಯೆನಿಸುತ್ತದೆ, ತಾಯಿಯ ಅಡುಗೆಮನೆ ನೆನೆಸಿಕೊಂಡರೆ ಸಿಕ್ಕಿಬೀಳುತ್ತದೆ.

"ಇದು ಬರೋಬ್ಬರಿ ಐತಿ," ಎಂದಳು ಸುವರ್ಣಾ. ಮದುವೆಯಾದ ಮೇಲೆ ಅವನ ಯಾವುದಾದರೂ ವಿಚಾರಕ್ಕೆ ಅವಳಿಂದ ಬಂದ ಮೊದಲ ರೈಟ್ ಮಾರ್ಕು ಅದು.

ಮರುದಿನ ಪಾಠ ಎಣ್ಣೆ ಹಚ್ಚಿದ ಗಾಲಿಯಂತೆ ಉರುಳಿತು. ಹುಡುಗರು ಕಣ್ಣು ಕಿರಿದು ಮಾಡಿ ಕೂತರು, ಏನೂ ಸಿಗಲಿಲ್ಲ. ಉಪ್ಪು ಬಂತು, ಹೋಯಿತು. ಯಾರೂ ಅಲುಗಾಡಲಿಲ್ಲ. ಮಾಳಿಂಗ ಒಳಗೊಳಗೇ ಹಿಗ್ಗುತ್ತಿರುವಾಗ ಸುರೇಖಾ ನಿಧಾನವಾಗಿ ಕೈ ಎತ್ತಿದಳು.

"ಸರ್, ಉಪ್ಪು ಸೋವಿ ಆತಂತ ನಮ್ಮವ್ವ ಪಲ್ಲೇಕ ಎರಡು ಪಟ್ಟು ಹಾಕಿದ್ರ ನಮ್ಮಪ್ಪ ಗಂಗಾಳ ಒಗೀತಾನ್ರಿ."

ಕ್ಲಾಸು ಚಪ್ಪಾಳೆ ತಟ್ಟಿತು. ಮಾಳಿಂಗ ಡಬ್ಬಿ ತೆಗೆದು ಒಂದು ಉಂಡಿ ಕೊಟ್ಟ. ಒಂದೇ. ಡಬ್ಬಿಯ ಮುಚ್ಚಳ ಹಾಕಿದ ಸಪ್ಪಳ ಅವನಿಗೆ ವಿಜಯದ ಕಹಳೆಯಂತೆ ಕೇಳಿತು. ಬೆಲ್ಲಿಗೆ ಇನ್ನು ಸ್ವಲ್ಪವೇ ಹೊತ್ತು. ಆಗ ಸುರೇಖಾ ಉಂಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೇಳಿದಳು.

"ಸರ್, ಬೆಲಿ ಏರಿದ್ರ ಬೇಡಿಕಿ ಇಳೀತೈತಿ ಅಂದ್ರಿ. ಆದ್ರ ನಾಳಿಂದ ಉಳ್ಳಾಗಡ್ಡಿ ತುಟ್ಟಿ ಆಗ್ತಾವಂತ ಸುದ್ದಿ ಬಂದ್ರ ಜನಾ ಇವತ್ತ ಮುಗಿಬಿದ್ದು ಒಯ್ತಾರಲ್ರಿ? ಹಂಗಾರ ನಿಯಮ ಎಲ್ಲಿ ಹೋತ್ರಿ?"

ಒಳ್ಳೆಯ ಪ್ರಶ್ನೆ. ಮಾಳಿಂಗ ಉತ್ತರ ಶುರು ಮಾಡಿದ, ನಿರೀಕ್ಷೆ ಎಂದ, ರೇಖೆಯೇ ಜಾಗ ಬದಲಿಸುತ್ತದೆ ಎಂದ, ಅರ್ಧ ಚಿತ್ರ ಬರೆದ. ಅಷ್ಟರಲ್ಲಿ ಬೆಲ್ ಹೊಡೆಯಿತು. ಗೆದ್ದ ಖುಷಿಯಲ್ಲಿ ಅವನು ಡಸ್ಟರ್ ಎತ್ತಿಕೊಂಡು, ಇಷ್ಟು ವರ್ಷಗಳಿಂದ ಹೇಳಿದ ಹಾಗೆಯೇ ಹೇಳಿದ:

"ಇನ್ನೂ ತಿಳೀದಿದ್ರ ಸರ್ಫರಾಜ ಸರ್‌ಗೆ ಕೇಳ್ರಿ. ಸ್ಟಾಫ್ ರೂಮಿನ್ಯಾಗ ಅದಾರ."

ಹೇಳಿ ಬಾಗಿಲವರೆಗೆ ಹೋದ. ಹಿಂದೆ ಬೆಂಚು ಸರಿದ ಸಪ್ಪಳವಾಗಲಿಲ್ಲ. ಯಾರೂ ಚೀಲ ಎತ್ತಲಿಲ್ಲ. ಅವನು ತಿರುಗಿ ನೋಡಿದ. ಆಗ ತಿಳಿಯಿತು, ಏನು ಹೇಳಿದೆನೆಂದು.

ಇಡೀ ಕ್ಲಾಸಿನಲ್ಲಿ ಒಂದು ಕೈಯೂ ಎದ್ದಿರಲಿಲ್ಲ. ಸಣ್ಣ ತಪ್ಪಿಗೂ ಎರಗುತ್ತಿದ್ದ ಹುಡುಗರು ಡೆಸ್ಕಿನ ಮೇಲೆ ಕೆತ್ತಿದ ಹೆಸರುಗಳನ್ನು ನೋಡುತ್ತ ಕೂತಿದ್ದರು. ಸುರೇಖಾ ಕೈಯಲ್ಲಿದ್ದ ಉಂಡಿಯನ್ನು ತಿನ್ನದೆ ಡೆಸ್ಕಿನ ಮೇಲಿಟ್ಟಳು. ಹಿಂದಿನಿಂದ ಅಮಿತ ಹೇಳಿದ, ಅವನ ಎಂದಿನ ದನಿಯಲ್ಲಲ್ಲ: "ಅದು ತಪ್ಪಲ್ಲ ಬಿಡ್ರಿ ಸರ್. ನಾವೂ ಒಮ್ಮೊಮ್ಮೆ ಅಲ್ಲಿತನಾ ಹೋಗಿ ಹೊಳ್ಳಿ ಬರ್ತೇವಿ."

ಮಾಳಿಂಗ ಮೇಜಿನ ಹತ್ತಿರ ವಾಪಸು ಬಂದ. ಡಬ್ಬಿಯ ಮುಚ್ಚಳ ತೆಗೆದ. ಮೊದಲ ಬೆಂಚಿನಿಂದ ಶುರು ಮಾಡಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಉಂಡಿ ಇಡುತ್ತ ಹೋದ. ಹಿಂದಿನ ಸಾಲಿನವರಿಗೆ ಅರ್ಧರ್ಧ ಮಾಡಿ ಕೊಟ್ಟ. ಶೇಂಗಾ ಅಗಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು. ಆ ಸಪ್ಪಳದ ನಡುವೆ ಕಣ್ಣೊರೆಸಿಕೊಳ್ಳುವುದು ಅವನಿಗೆ ಸುಲಭವಾಯಿತು. ಉಳ್ಳಾಗಡ್ಡಿಯ ಉತ್ತರವನ್ನು ಅರ್ಧಕ್ಕೆ ಬಿಟ್ಟ ಚಿತ್ರದಿಂದಲೇ ಪೂರ್ತಿ ಹೇಳಿ ಮುಗಿಸಿದ. ಸ್ಟಾಫ್ ರೂಮಿಗೆ ಬಂದು, ಇನ್ನು ಮುಂದೆ ಒಂದೇ ಕಪ್ಪು ಚಹಾ ಸಾಕೆಂದು ಕ್ಯಾಂಟೀನಿಗೆ ತಾನೇ ಹೋಗಿ ಹೇಳಿ ಬಂದ.

ಸಂಜೆ ಸುವರ್ಣಾ ಬಾಗಿಲಲ್ಲಿಯೇ ಕೈ ಚಾಚಿದಳು. ಡಬ್ಬಿಯನ್ನು ಅಲುಗಾಡಿಸಿದಳು. ಬೋರಲು ಹಾಕಿದಳು.

"ಎಷ್ಟು ತಪ್ಪಾತು?"

"ಉಪ್ಪಿಂದೊಂದು. ಮತ್ತೊಂದು."

"ಆ ಮತ್ತೊಂದನ್ನ ಯಾರು ಹಿಡಿದ್ರು?"

"ಯಾರೂ ಹಿಡೀಲಿಲ್ಲ."

"ಹಂಗಾರ ಡಬ್ಬಿ ಹ್ಯಾಂಗ ಖಾಲಿ ಆತ್ರೀ?"

ಹೇಳಿದ. ಸುವರ್ಣಾ ಸ್ವಲ್ಪ ಹೊತ್ತು ಡಬ್ಬಿಯ ತಳವನ್ನು ಸೆರಗಿನಿಂದ ಒರೆಸುತ್ತ ನಿಂತಳು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ಆಮೇಲೆ ಡಬ್ಬಿಯನ್ನು ಅವನ ಕೈಗೇ ಕೊಟ್ಟಳು. "ಪಾಪ ಅನಸ್ತೈತಿ. ಆದ್ರ ಶರತ್ತು ಶರತ್ತ. ಶೇಂಗಾ ಮ್ಯಾಲಿನ ಡಬ್ಬ್ಯಾಗ ಐತಿ."

ನಾಲ್ಕು ತಾಲೂಕುಗಳ ಬೋಧನೆ ಮತ್ತು ಕಲಿಕೆಯ ವಿಶ್ಲೇಷಕ ಅಂಗಿಯ ತೋಳು ಮಡಚಿ ಒಲೆಯ ಮುಂದೆ ನಿಂತ. ಸುವರ್ಣಾ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಕುರ್ಚಿಯಲ್ಲಿ ಕೂತಳು, ಒಲೆಯ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಬೇಗ ಹುರಿದರೆ ಬೇಗ ಮುಗಿಯುತ್ತದೆ ಎಂಬ ಸಿದ್ಧಾಂತದ ಮೇಲೆ ಮಾಳಿಂಗ ಉರಿಯನ್ನು ದೊಡ್ಡದು ಮಾಡಿದ. ಮನೆಯಲ್ಲಿ ಹೊಗೆ ತುಂಬಿತು.

"ಸುವರ್ಣಾ, ಇವು ಕರ್ರಗಾಗಾಕತ್ತಾವ. ಏನ್ ಮಾಡ್ಲಿ?"

"ನನಗೇನ್ ಕೇಳ್ತೀರಿ? ಅದರ ಪ್ರೊಫೆಸರ್ ಬ್ಯಾರೇದವ್ರು. ದಾವಲಬಿ ಚಾಚಿಗೆ ಫೋನ್ ಹಚ್ರಿ."

ಹಚ್ಚಿದ. "ಚಾಚಿ, ಶೇಂಗಾ ಹೊತ್ತಾಕತ್ತಾವ್ರಿ," ಎಂದ. ಆ ಕಡೆಯಿಂದ, "ಉರಿ ಸಣ್ಣ ಮಾಡೋ ಮಬ್ಬ! ಯಾರು ಹೇಳಿದ್ರು ನಿನಗ ಒಲಿ ಮುಂದ ಹೋಗು ಅಂತ?" ಎಂದು ಕೇಳಿಸಿತು, ಫೋನು ಬಂದಾಯಿತು. ಸಿಟ್ಟು ಮಾಡಿಕೊಂಡಳೆಂದು ಮಾಳಿಂಗ ಮುಖ ಸಣ್ಣದು ಮಾಡಿಕೊಂಡು ಕೈಗೆ ಬಂದ ಹಾಗೆ ಕುಟ್ಟಿ, ಬೆಲ್ಲ ಹಾಕಿ, ಉಂಡಿಯ ಆಕಾರದ್ದೇನನ್ನೋ ಕಟ್ಟತೊಡಗಿದ.

ಅಷ್ಟರಲ್ಲಿ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಎರಡು ಓಣಿ ದಾಟಿ ದಾವಲಬಿ ಬಂದಿದ್ದಳು. ಯಾರನ್ನೂ ಮಾತಾಡಿಸದೆ ನೇರ ಒಲೆಯ ಮುಂದೆ ಹೋಗಿ, ಬಾಣಲೆಯನ್ನು ನೋಡಿ, ಅವನನ್ನು ನೋಡಿದಳು. ಹೊಗೆ ಹಾಗೇ ಇತ್ತು. ಅದರ ವಾಸನೆಗೆ ಅವಳು ಒಂದು ಕ್ಷಣ ಬಚ್ಚಲಮನೆಯ ಬಾಗಿಲ ಕಡೆ ತಿರುಗಿದ್ದನ್ನು ಮಾಳಿಂಗ ನೋಡಿದ. ಸುವರ್ಣಾ ಪೇಪರು ಬಿಟ್ಟು ಎದ್ದು ಅವಳ ಪಕ್ಕಕ್ಕೆ ಬಂದು ನಿಂತಳು.

ದಾವಲಬಿ ತಟ್ಟೆಯಿಂದ ಒಂದು ಉಂಡಿ ಎತ್ತಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಗಂಡಹೆಂಡತಿ ಇಬ್ಬರೂ ಫಲಿತಾಂಶ ಕಾಯುವವರಂತೆ ಅವಳ ಬಾಯಿಯನ್ನೇ ನೋಡುತ್ತ ನಿಂತರು.

"ಶೇಂಗಾ ಹೊತ್ತಾವ," ಎಂದಳು. ಇನ್ನೂ ಅಗಿದು, "ಸಿಪ್ಪಿ ತಗದಿಲ್ಲ." ನುಂಗಿದ ಮೇಲೆ, "ಏಲಕ್ಕಿ ಇಲ್ಲ."

ಮಾಳಿಂಗ ತಲೆ ತಗ್ಗಿಸಿದ. ಮುದುಕಿ ಅವನೆದುರು ಅಂಗೈ ಚಾಚಿದಳು.

"ಮೂರು ಆದ್ವು," ಎಂದಳು. "ಕೊಡು."